ಪಾರ್ 72 ಅಂತ ಹೇಳಿದ್ದು ಯಾರು?

ಗಾಲ್ಫ್ ನೋಡುವಾಗ ಟಿವಿ ಪರದೆ ಮೇಲೆ ಆಟಗಾರನ ಹೆಸರಿನ ಮುಂದೆ ಮೈನಸ್ 12 ಅಂತ ಬರುತ್ತಲ್ಲ, ಅದು ಯಾವುದರಿಂದ ಮೈನಸ್? ಪಾರ್‌ನಿಂದ. ಸರಿ, ಆ ಪಾರ್ ಎಷ್ಟು ಅಂತ ಗೊತ್ತು ಮಾಡೋರು ಯಾರು? ಇವತ್ತಿನ ಕಥೆ ಇದೇ.

1870. ಸ್ಕಾಟ್ಲೆಂಡ್‌ನ ಪ್ರೆಸ್ಟ್‌ವಿಕ್‌ನಲ್ಲಿ ಓಪನ್ ಚಾಂಪಿಯನ್‌ಶಿಪ್. ಆಗ ಅಲ್ಲಿದ್ದದ್ದು ಹನ್ನೆರಡೇ ಹೋಲ್. ಎ. ಎಚ್. ಡೋಲ್ಮನ್ ಎಂಬ ಗಾಲ್ಫ್ ಬರಹಗಾರ ಇಬ್ಬರು ವೃತ್ತಿಪರ ಆಟಗಾರರನ್ನು ಕೇಳಿದ: ಒಂದೂ ತಪ್ಪಿಲ್ಲದೆ ಆಡಿದರೆ ಎಷ್ಟು ಹೊಡೆತ ಬೇಕು? 49 ಅಂದರು ಅವರು. ಡೋಲ್ಮನ್ ಅದಕ್ಕೆ ಪಾರ್ ಅಂತ ಹೆಸರಿಟ್ಟ. ಷೇರುಪೇಟೆಯಿಂದ ಎತ್ತಿಕೊಂಡ ಪದ ಅದು. ಷೇರಿನ ಮುಖಬೆಲೆ ಅಂತೀವಲ್ಲ, ಅದು. ಮೂರು ಸುತ್ತಿಗೆ 147 ಆಯ್ತು. ಹತ್ತೊಂಬತ್ತು ವರ್ಷದ ಯಂಗ್ ಟಾಮ್ ಮಾರಿಸ್ 149ರಲ್ಲಿ ಮುಗಿಸಿ ಗೆದ್ದ. 578 ಗಜದ ಮೊದಲ ಹೋಲನ್ನು ಆ ಹುಡುಗ ಮೂರೇ ಹೊಡೆತದಲ್ಲಿ ಮುಗಿಸಿದ್ದ. ಆ ಕಾಲದ ಚೆಂಡು, ಆ ಕಾಲದ ಮರದ ಕೋಲು. ನಂಬೋಕೇ ಆಗಲ್ಲ.

ಆಮೇಲೆ 1911ರಲ್ಲಿ ಅಮೆರಿಕದ ಯುಎಸ್‌ಜಿಎ ಅಳತೆಪಟ್ಟಿ ಹಿಡಿದು ಕೂತಿತು. 225 ಗಜದವರೆಗೆ ಪಾರ್ 3, 425ರವರೆಗೆ 4, 600ರವರೆಗೆ 5. ಚೆಂಡು, ಕೋಲು ಸುಧಾರಿಸಿದಂತೆ ಈ ಗಡಿಗಳೂ ಮುಂದೆ ಸರಿದವು. ಈಗ ಗಂಡಸರ ಪಾರ್ 4 ಹೋಲ್ 490 ಗಜದವರೆಗೂ ಇರಬಹುದು.

ಹದಿನೆಂಟು ಹೋಲ್‌ಗೆ 72 ಅನ್ನೋದು ರೂಢಿಯೇ ಹೊರತು ನಿಯಮ ಅಲ್ಲ. ಹತ್ತು ಪಾರ್ 4, ನಾಲ್ಕು ಪಾರ್ 3, ನಾಲ್ಕು ಪಾರ್ 5 ಸೇರಿಸಿದರೆ 72. ಸೇಂಟ್ ಆ್ಯಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಪಾರ್ 3 ಇರೋದು ಎರಡೇ, ಪಾರ್ 5 ಕೂಡ ಎರಡೇ. ಆದರೂ ಮೊತ್ತ 72! ಒಂದೇ ಮೊತ್ತ, ಆದರೆ ಆಟ ಬೇರೆ. ಜಾಗ ಚಿಕ್ಕದಿದ್ದರೆ ಉದ್ದದ ಹೋಲ್ ಹಿಡಿಸಲ್ಲ, ಆಗ ಮೊತ್ತ 70ಕ್ಕೋ 69ಕ್ಕೋ ಇಳಿಯುತ್ತೆ. ಅದು ಮಣ್ಣಿನ ಲೆಕ್ಕ, ಅದರಲ್ಲಿ ತಕರಾರಿಲ್ಲ.

ತಕರಾರು ಇರೋದು ಮಣ್ಣು ಮುಟ್ಟದೆ ಕಾಗದದ ಮೇಲೆ ಪಾರ್ ಇಳಿಸೋದರಲ್ಲಿ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ 1992ರ ಯುಎಸ್ ಓಪನ್ ನಡೆದಾಗ ಪಾರ್ 72. 2000ದಲ್ಲಿ ಅದೇ ಓಪನ್ ಅಲ್ಲಿಗೆ ಮರಳಿದಾಗ 71. ಎರಡನೇ ಹೋಲನ್ನು ಪಾರ್ 5ರಿಂದ 4ಕ್ಕೆ ಇಳಿಸಿದ್ದರು, ಅಷ್ಟೇ. ಟೈಗರ್ ವುಡ್ಸ್ ನಾಲ್ಕು ದಿನಕ್ಕೆ 272 ಹೊಡೆತ ಹೊಡೆದು ಮೈನಸ್ 12ರಲ್ಲಿ ಗೆದ್ದರು. ಎರಡನೇ ಸ್ಥಾನದಲ್ಲಿದ್ದ ಎರ್ನಿ ಎಲ್ಸ್ ಮತ್ತು ಮಿಗೆಲ್ ಏಂಜಲ್ ಹಿಮೆನೆಸ್ 287, ಅಂದ್ರೆ ಪ್ಲಸ್ 3. ಪಾರ್‌ಗಿಂತ ಕೆಳಗಿದ್ದದ್ದು ಟೈಗರ್ ಒಬ್ಬರೇ ಅಂತ ಇವತ್ತಿಗೂ ಹೇಳ್ತೀವಿ.

ಈಗ ಹಳೇ 72 ಇಟ್ಟು ಲೆಕ್ಕ ಹಾಕಿ. ಟೈಗರ್ ಮೈನಸ್ 16. ಆ ಇಬ್ಬರು? ಮೈನಸ್ 1! ಟೈಗರ್‌ದು ದೊಡ್ಡ ಗೆಲುವೇ, ಅನುಮಾನವೇ ಬೇಡ. ಆದರೆ ಆ 'ಒಬ್ಬರೇ' ಅನ್ನೋ ಮಾತಿದೆಯಲ್ಲ, ಅದನ್ನು ಬರೆದದ್ದು ಟೈಗರ್ ಕೋಲಲ್ಲ, ಸಂಘಟಕರ ಪೆನ್ನು. ಹೊಡೆತಗಳ ಅಂತರ ಮಾತ್ರ ಯಾವ ಪಾರ್ ಇಟ್ಟರೂ ಅದೇ, ಹದಿನೈದು.