ಶಿಕ್ಷಕರ ಪರಸ್ಪರ ಕಲಿಕೆ (ಯಾದಗಿರಿ, ಶಹಾಪುರ, ಸುರಪುರ)

ಹಿರಿಯ ಶಿಕ್ಷಕರು ಪಾಠದ ವಿಧಾನ, ಮಕ್ಕಳ ಮನೆಮಾತು, ಊರಿನ ನಡೆವಳಿಕೆಗಳ ಅರಿವನ್ನು ಹೊಸಬರಿಗೆ ದಾಟಿಸುವ ಕ್ರಮ. ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇದು ಮೊದಲು ಸಹೋದ್ಯೋಗಿಗಳ ಒಡನಾಟದಲ್ಲಿ ನಡೆದು, ಮುಂದೆ ಆಡಳಿತದ ವ್ಯವಸ್ಥೆಯಾಯಿತು.

ಹಿನ್ನೆಲೆ: ನಿಜಾಮರ ಕಾಲದಲ್ಲಿ ಆಡಳಿತ ಭಾಷೆ ಉರ್ದು, ಕನ್ನಡ ಶಾಲೆಗಳು ವಿರಳ. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಶಾಲೆಗಳು ಹೆಚ್ಚಿದವು, ಶಿಕ್ಷಕರ ಕೊರತೆ ಮಾತ್ರ ನೀಗಲಿಲ್ಲ. ದೂರದ ಜಿಲ್ಲೆಗಳಿಂದ ನೇಮಕಗೊಂಡ ಅನೇಕರು ವರ್ಗಾವಣೆ ಪಡೆದು ಹೊರಟರು. ಶಾಲೆಯ ನೆನಪು ಉಳಿದದ್ದು ಸ್ಥಳೀಯ ಹಿರಿಯರಲ್ಲಿ. 2009ರ ಡಿಸೆಂಬರ್‌ನಲ್ಲಿ ಪ್ರತ್ಯೇಕವಾದ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 51.83, ರಾಜ್ಯದಲ್ಲೇ ಕನಿಷ್ಠ.

ಬೆಳವಣಿಗೆ: ನೆರೆಯ ಶಾಲೆಗಳು ಒಂದಕ್ಕೊಂದು ನೆರವಾಗಬೇಕೆಂದು ಕೊಠಾರಿ ಆಯೋಗ (1964–66) ಸೂಚಿಸಿತ್ತು. ಅದು ಇಲ್ಲಿ ರೂಪ ಪಡೆದದ್ದು 1990ರ ದಶಕದ ಕೊನೆಗೆ, ಆಗಿನ ಗುಲ್ಬರ್ಗಾ ಜಿಲ್ಲೆಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಬಂದಾಗ. ಶಿಕ್ಷಕರಲ್ಲೇ ಕೆಲವರು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಾಗಿ (ಸಿಆರ್‌ಪಿ) ನೆರೆಯ ಶಾಲೆಗಳ ಗುಂಪನ್ನು ಸುತ್ತಿದರು. ಕ್ಲಸ್ಟರ್ ಸಮಾಲೋಚನಾ ಸಭೆಗಳು ಆರಂಭವಾದವು. ಸುರಪುರ ತಾಲ್ಲೂಕಿನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮಕ್ಕಳಸ್ನೇಹಿ ಶಾಲಾ ಕಾರ್ಯಕ್ರಮ ನಡೆಸಿತು. ಶಿಕ್ಷಕರು ತಾವಾಗಿ ಸೇರುವ ವೇದಿಕೆಗಳು, ಕಲಿಕಾ ಕೇಂದ್ರಗಳೂ ಬೆಳೆದವು.

ಸ್ವರೂಪ: 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ರೂಪಿಸಿದ ಚಟುವಟಿಕೆ ಆಧಾರಿತ ಕಲಿಕಾ ಕ್ರಮ ನಲಿ-ಕಲಿ 2009–10ರಲ್ಲಿ ರಾಜ್ಯಾದ್ಯಂತ ಬಂತು. ಮಗು ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಗುರುತಿಸಿ, ಕಾರ್ಡು ತೆಗೆದುಕೊಂಡು, ಅದಕ್ಕೆ ತಕ್ಕ ತಟ್ಟೆಯ ಗುಂಪಿನಲ್ಲಿ ಕೂರಬೇಕು. ಒಂದೇ ಕೋಣೆಯಲ್ಲಿ ಹಲವು ಗುಂಪು. ಶಿಕ್ಷಕರು ಯಾವ ಗುಂಪಿನ ಬಳಿ ಯಾವಾಗ ಹೋಗಬೇಕೆಂಬುದು ಕೈಪಿಡಿ ಓದಿ ಬರುವಂಥದ್ದಲ್ಲ. ನುರಿತವರ ತರಗತಿಯಲ್ಲಿ ಕೂತು ನೋಡಿಯೇ ಕಲಿಯಬೇಕು.

ಊರಿನ ತಿಳಿವಳಿಕೆಯೂ ಅಷ್ಟೇ ಮುಖ್ಯ. ತಾಂಡಾದ ಮಗುವಿನ ಮನೆಮಾತು ಲಂಬಾಣಿ. ಗುರುಮಠಕಲ್ ಕಡೆ ತೆಲುಗು. ಹತ್ತಿ ಬಿಡಿಸುವ ಕಾಲಕ್ಕೆ ಹಾಜರಾತಿ ಇಳಿಯುತ್ತದೆ. ಬೆಂಗಳೂರು, ಮುಂಬೈ, ಪುಣೆಗಳಿಗೆ ಗುಳೆ ಹೋಗುವವರೊಡನೆ ಮಕ್ಕಳೂ ಹೊರಡುತ್ತಾರೆ. ಯಾವ ಮನೆಯವರು ಯಾವಾಗ ಹೊರಡುತ್ತಾರೆ, ಮಗುವನ್ನು ಅಜ್ಜಿಯ ಬಳಿ ಬಿಡಿಸಲು ಯಾರೊಡನೆ ಮಾತಾಡಬೇಕು ಎಂಬುದನ್ನು ಹಿರಿಯರೇ ಹೇಳಿಕೊಡಬೇಕು. ಹೊಸಬರೂ ಬರಿಗೈಯಲ್ಲಿ ಬರುವುದಿಲ್ಲ. ಮೊಬೈಲ್, ಕಂಪ್ಯೂಟರ್ ಬಳಕೆಯಲ್ಲಿ ಅವರೇ ಹಿರಿಯರಿಗೆ ಗುರುಗಳು.

ಮಿತಿಗಳು: ಏಕೋಪಾಧ್ಯಾಯ ಶಾಲೆಯಲ್ಲಿ ಕಲಿಸಲು ಹಿರಿಯರಿಲ್ಲ, ಅತಿಥಿ ಶಿಕ್ಷಕರ ಕೆಲಸ ವರ್ಷಕ್ಕೇ ಮುಗಿಯಬಹುದು. ಸಮಾಲೋಚನಾ ಸಭೆ ಅಂಕಿಅಂಶ ಒಪ್ಪಿಸುವುದರಲ್ಲೇ ಮುಗಿದರೆ ಪಾಠದ ಮಾತಿಗೆ ಸಮಯ ಸಿಗದು. 2013ರಲ್ಲಿ ಜಾರಿಯಾದ ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರಿಗೆ ದೊರೆತ ಹುದ್ದೆ ಮೀಸಲಾತಿ, ಇಲ್ಲೇ ನೆಲೆ ನಿಲ್ಲುವ ಶಿಕ್ಷಕರ ಪೀಳಿಗೆಗೆ ದಾರಿ ತೆರೆದಿದೆ. ಈಗಿನ ಹಿರಿಯರು ನಿವೃತ್ತರಾಗುವ ಮುನ್ನ ಹೊಸಬರು ಅವರ ಜೊತೆಗೆ ಕೂತು ಕಲಿಯುವ ವೇಳೆಯನ್ನು ಶಾಲೆಯ ವೇಳಾಪಟ್ಟಿಯಲ್ಲೇ ಕಾಯ್ದಿರಿಸುವುದು ಅಗತ್ಯ.