ಭಾನುವಾರದ ಹನ್ನೊಂದು ಗಂಟೆ

2012ರ ಮೇ 6, ಭಾನುವಾರ. ಬೆಳಗಿನ ಹನ್ನೊಂದಕ್ಕೇ ನವಲಿಯ ಓಣಿಗಳು ಬಿಸಿಲಿಗೆ ಬರಿದಾಗಿದ್ದವು. ನಮ್ಮ ಮನೆಯ ಪಡಸಾಲೆಯಲ್ಲಿ ಮಾತ್ರ ಹತ್ತಾರು ಜನ ಕೂತಿದ್ದರು. ಆಮಿರ್ ಖಾನ್ ಟಿವಿಗೆ ಬರುತ್ತಾರೆಂದು ವಾರದಿಂದ ಜಾಹೀರಾತು ಬರುತ್ತಿತ್ತು. ಹಾಡು ಕುಣಿತ ಇರಬಹುದೆಂದು ಹುಡುಗರು ಮುಂದೆ ಬಂದು ಕೂತಿದ್ದರು. ಹಾಡು ಬರಲಿಲ್ಲ. ಹೊಟ್ಟೆಯಲ್ಲಿದ್ದದ್ದು ಹೆಣ್ಣೆಂದು ಬಲವಂತವಾಗಿ ಗರ್ಭ ತೆಗೆಸಿಕೊಂಡ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತು ತಮ್ಮ ಕಥೆ ಹೇಳತೊಡಗಿದರು. ಹುಡುಗರು ಎದ್ದು ಹೋದರು. ಹೆಂಗಸರು ಉಳಿದರು.

ನಮ್ಮ ಮನೆಯವರಿಗೆ ಹಿಂದಿ ತಿಳಿಯುತ್ತದೆ. ಮನೆಯಲ್ಲಿ ಆಡುವುದು ದಖನಿ, ಮೊದಲು ಕಲಿತದ್ದು ಉರ್ದು ಶಾಲೆಯಲ್ಲಿ. ಎದುರು ಮನೆಯ ದೊಡ್ಡವ್ವನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಗೊತ್ತಿರಲಿಲ್ಲ. ಆಕೆ ನಮ್ಮ ಮೊಣಕೈ ಹಿಡಿದು ಕೇಳಿದಳು: "ಏನಂತಾಳ ತಮ್ಮಾ ಆಕಿ? ಹಂಗ್ಯಾಕ ಅಳಾಕತ್ತಾಳ?"

ಆ ದಿನದಿಂದ ಜುಲೈ 29ರವರೆಗೆ ಹದಿಮೂರು ಭಾನುವಾರ ನಾವು ದುಭಾಷಿಗಳಾದೆವು. ಆ ಕಾರ್ಯಕ್ರಮದ ಹೆಸರು 'ಸತ್ಯಮೇವ ಜಯತೇ'. ಪರದೆಯ ಮೇಲೆ ಕಂಡವರು ಆಮಿರ್ ಖಾನ್. ಪರದೆಯ ಹಿಂದೆ ನಿಂತು ಅದನ್ನು ನಿರ್ದೇಶಿಸಿದವರು ಸತ್ಯಜಿತ್ ಭಟ್ಕಳ್. ಹೆಸರಿನ ಕೊನೆಯಲ್ಲಿ ಇರುವುದು ನಮ್ಮ ಉತ್ತರ ಕನ್ನಡದ ಕರಾವಳಿಯ ಊರು. ಅದೇ ವರ್ಷಗಳಲ್ಲಿ ಸುದ್ದಿ ವಾಹಿನಿಗಳು ಆ ಊರಿನ ಹೆಸರನ್ನು ಬೇರೆಯೇ ಕಾರಣಕ್ಕೆ, ಬೇರೆಯೇ ದನಿಯಲ್ಲಿ ಕೂಗುತ್ತಿದ್ದವು. ಭಾನುವಾರ ಬೆಳಿಗ್ಗೆ ಅದೇ ಅಕ್ಷರಗಳು ಪರದೆಯ ಮೇಲೆ ಸದ್ದಿಲ್ಲದೆ ಬಂದು ಹೋಗುತ್ತಿದ್ದವು.

ಸತ್ಯಜಿತ್ ಮೂಲತಃ ಮುಂಬೈಯ ವಕೀಲರು. ಆಮಿರ್ ಖಾನರ ಶಾಲೆಯ ದಿನಗಳ ಗೆಳೆಯರು. 'ಲಗಾನ್' ಚಿತ್ರ ತಯಾರಾಗುವಾಗ ಗೆಳೆಯನ ಕರೆಗೆ ಓಗೊಟ್ಟು ಕರಿ ಕೋಟು ಕಳಚಿಟ್ಟು ಕಛ್‌ನ ಭುಜ್ ಬಳಿಯ ಚಿತ್ರೀಕರಣ ತಂಡ ಸೇರಿದರು. 2001ರ ಜೂನ್‌ನಲ್ಲಿ ಚಿತ್ರ ತೆರೆ ಕಂಡಿತು. ಅಷ್ಟರಲ್ಲಿ, ಅದೇ ವರ್ಷದ ಜನವರಿ 26ರ ಭೂಕಂಪಕ್ಕೆ ಕಛ್ ನೆಲಸಮವಾಗಿತ್ತು. ಆ ಚಿತ್ರ ಹುಟ್ಟಿದ ಬಗೆಯನ್ನು ಸತ್ಯಜಿತ್ ಒಂದು ಪುಸ್ತಕವಾಗಿ ಬರೆದರು. ಮುಂದೆ 'ಚಲೇ ಚಲೋ' ಎಂಬ ಸಾಕ್ಷ್ಯಚಿತ್ರವನ್ನೂ ಮಾಡಿದರು. 2011ರಲ್ಲಿ ಮಕ್ಕಳಿಗಾಗಿ 'ಝೊಕ್ಕೊಮನ್' ಎಂಬ ಕಥಾಚಿತ್ರ ನಿರ್ದೇಶಿಸಿದರು. ಅದು ಗಲ್ಲಾಪೆಟ್ಟಿಗೆಯಲ್ಲಿ ಸದ್ದು ಮಾಡಲಿಲ್ಲ. ಸಿನಿಮಾ ನಿರ್ದೇಶಕರೆಂದು ಅವರನ್ನು ನೆನಪಿಟ್ಟವರು ಕಡಿಮೆ. ಆದರೆ ವಕೀಲಿಕೆ ಮತ್ತು ಸಿನಿಮಾ ಎರಡೂ ಒಟ್ಟಿಗೆ ಬೇಕಾಗುವ ಕೆಲಸವೊಂದು ಅವರಿಗಾಗಿ ಕಾದಿತ್ತು.

ಟಿವಿಗೆ ಬನ್ನಿ ಎಂದು ಆಮಿರ್ ಖಾನರನ್ನು ಕೇಳಿದವರು ಸ್ಟಾರ್ ಸಂಸ್ಥೆಯ ಆಗಿನ ಮುಖ್ಯಸ್ಥ ಉದಯ್ ಶಂಕರ್. ರಸಪ್ರಶ್ನೆ, ಬಹುಮಾನಗಳ ಆಟ ಬೇಡವೆಂದ ಮೇಲೆ ಉಳಿದದ್ದು ಮಾತುಕತೆ. ಸುಮಾರು ಎರಡು ವರ್ಷ ಒಂದು ತಂಡ ದೇಶದ ಮೂಲೆಮೂಲೆ ಅಲೆದು ಜನರನ್ನು, ಕಾಗದಪತ್ರಗಳನ್ನು, ಅಂಕಿಅಂಶಗಳನ್ನು ಹುಡುಕಿತು. ಸತ್ಯಜಿತರ ಜೊತೆ ಅವರ ಪತ್ನಿ ಸ್ವಾತಿ ಚಕ್ರವರ್ತಿ ಭಟ್ಕಳ್ ಕೂಡ ದುಡಿದರು. ಖಾಸಗಿ ವಾಹಿನಿ ಮತ್ತು ದೂರದರ್ಶನ ಎರಡರಲ್ಲೂ ಒಂದೇ ಹೊತ್ತಿಗೆ ಪ್ರಸಾರವಾಗುವಂತೆ ಏರ್ಪಾಡಾಯಿತು. ಹಿಂದೆ ರಾಮಾಯಣ, ಮಹಾಭಾರತ ನೋಡಲು ಇಡೀ ಊರು ಒಂದೇ ಮನೆಯಲ್ಲಿ ಸೇರುತ್ತಿದ್ದ ಭಾನುವಾರದ ಬೆಳಗನ್ನೇ ಆರಿಸಿಕೊಂಡರು.

ಕಥೆ ಬರೆಯುವವರಾದ ನಮಗೆ ಆ ಕಾರ್ಯಕ್ರಮದ ಕಟ್ಟುವಿಕೆ ಬೇಗ ಹಿಡಿಸಿತು. ಮೊದಲು ನೊಂದವರ ಬಾಯಿಂದಲೇ ನೋವು. ಆಮೇಲೆ, ಇದು ಒಬ್ಬರ ಹಣೆಬರಹವಲ್ಲ ಎಂದು ತೋರಿಸುವ ಲೆಕ್ಕ. ಆಮೇಲೆ ಬಲ್ಲವರ ಮಾತು. ಕೊನೆಗೆ, ಎಲ್ಲೋ ಒಂದು ಕಡೆ ದಾರಿ ಕಂಡುಕೊಂಡವರ ಪರಿಚಯ. ಕೋರ್ಟಿನಲ್ಲಿ ಸಾಕ್ಷಿ ನಡೆಯುವುದೂ ಹೀಗೆಯೇ. ಒಂದೇ ವ್ಯತ್ಯಾಸ, ಇಲ್ಲಿ ಸಾಕ್ಷಿಯ ಮಾತಿಗೆ ಅಡ್ಡ ಬರುವವರಿರಲಿಲ್ಲ.

ಮೂರನೆಯ ವಾರ ವರದಕ್ಷಿಣೆಯ ವಿಷಯ. ಮಧ್ಯಪ್ರದೇಶದ ಬುರ್ಹಾನ್‌ಪುರದ ಮುಸ್ಲಿಮರು ಮದುವೆಯ ದುಂದುವೆಚ್ಚಕ್ಕೆ ತಾವೇ ಕಡಿವಾಣ ಹಾಕಿಕೊಂಡದ್ದನ್ನು ತೋರಿಸಿದರು. ನಿಕಾಹ್ ಸರಳವಾಗಿರಲಿ ಎಂದು ಜುಮಾ ಬಯಾನಿನಲ್ಲಿ ಎಷ್ಟೋ ಸಲ ಕೇಳಿ, ಮನೆಗೆ ಬಂದು ಫ್ರಿಜ್ಜು ಮಂಚಗಳ ಪಟ್ಟಿ ಬರೆದ ನಮ್ಮವರು ಆ ದಿನ ತಲೆ ತಗ್ಗಿಸಿದರು. ದೊಡ್ಡವ್ವನಿಗೆ ಮದುವೆಗೆ ಬಂದ ಮಗಳಿದ್ದಳು. "ಬರೇ ಚಾ ಕುಡಿಸಿ ಮದುವಿ ಮಾಡಿದ್ರ ಬೀಗರು ಸುಮ್ನಿರ್ತಾರೇನು?" ಎಂದು ಎರಡೆರಡು ಸಲ ಕೇಳಿದಳು. ಜುಲೈ 8ರ ಸಂಚಿಕೆ ಅಸ್ಪೃಶ್ಯತೆಯ ಕುರಿತದ್ದು. ಕೋಲಾರ ಚಿನ್ನದ ಗಣಿಯಲ್ಲಿ ಹುಟ್ಟಿ, ಮಲ ಹೊರುವ ಪದ್ಧತಿಯ ವಿರುದ್ಧ ಬದುಕನ್ನೇ ಮುಡಿಪಿಟ್ಟ ಬೆಜವಾಡ ವಿಲ್ಸನ್ ಅದರಲ್ಲಿ ಮಾತಾಡಿದರು. 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಮೇಲೆ ಅವರನ್ನು ನಮ್ಮವರೆಂದು ಹೊಗಳಿದ ಪತ್ರಿಕೆಗಳೇನೂ ಕಡಿಮೆಯಿಲ್ಲ. ನವಲಿಯಲ್ಲಿ ಕೂತು ಕರ್ನಾಟಕದ ಆ ಮನುಷ್ಯನ ಮಾತನ್ನು ನಾವು ಹಿಂದಿಯಿಂದ ಕನ್ನಡಕ್ಕೆ ಬಿಡಿಸಿ ಹೇಳಬೇಕಾಯಿತು.

ತಪ್ಪು ಹುಡುಕಿದವರೂ ಇದ್ದರು. ಮೇ 27ರ ಸಂಚಿಕೆ ವೈದ್ಯರ ಅಕ್ರಮಗಳನ್ನು ಎತ್ತಿದಾಗ ಭಾರತೀಯ ವೈದ್ಯಕೀಯ ಸಂಘ ಕ್ಷಮೆ ಕೇಳಬೇಕೆಂದಿತು. ಆಮಿರ್ ಕೇಳಲಿಲ್ಲ. ತಾರೆಯ ಕಣ್ಣೀರು, ಜಾಹೀರಾತಿನ ನಡುವೆ ಬಡವರ ಸಂಕಟ ಎಂಬ ಟೀಕೆಗಳೂ ಬಂದವು. ಅವುಗಳಲ್ಲಿ ಹುರುಳಿಲ್ಲವೆನ್ನಲಾಗದು. ಒಂದೂವರೆ ಗಂಟೆಯಲ್ಲಿ ಯಾವ ರೋಗವೂ ವಾಸಿಯಾಗುವುದಿಲ್ಲ. ಆದರೆ ನೊಂದವರನ್ನು ಗೇಲಿ ಮಾಡದೆ, ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ಜಗಳ ಹಚ್ಚದೆ, ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳುವ ಕಾರ್ಯಕ್ರಮವನ್ನು ನಾವು ಅದಕ್ಕೆ ಮೊದಲು ನೋಡಿರಲಿಲ್ಲ.

ಇಷ್ಟೆಲ್ಲ ಆಗುವಾಗ ಅದು ಬಂಗಾಳಿ, ಮರಾಠಿ, ತಮಿಳು, ತೆಲುಗು, ಮಲಯಾಳಂಗಳಲ್ಲೂ ಪ್ರಸಾರವಾಗುತ್ತಿತ್ತು. ಕನ್ನಡದಲ್ಲಿ ಮಾತ್ರ ಬರಲಿಲ್ಲ. ಗಂಗಾವತಿ ಸುತ್ತಲ ಕ್ಯಾಂಪುಗಳ ರೈತರು ತೆಲುಗಿನಲ್ಲಿ ನೋಡಬಹುದಿತ್ತು, ದಖನಿ ಆಡುವ ನಾವು ಹಿಂದಿಯಲ್ಲಿ ನೋಡಿದೆವು. ಕನ್ನಡ ನಾಡಿನಲ್ಲಿ ಹೊರಗೆ ಉಳಿದವರು ಕನ್ನಡವನ್ನಷ್ಟೇ ಬಲ್ಲವರು.

ಕಾರಣ ಡಬ್ಬಿಂಗ್ ನಿಷೇಧ. ಅದು ಕಾನೂನಲ್ಲ, ಚಿತ್ರೋದ್ಯಮ ಹಾಕಿಕೊಂಡಿದ್ದ ಕಟ್ಟಳೆ. ಅದರ ಬೇರು 1960ರ ದಶಕದಲ್ಲಿದೆ. ಕನ್ನಡ ಚಿತ್ರಗಳು ಮದ್ರಾಸಿನ ಸ್ಟುಡಿಯೋಗಳ ನೆರಳಲ್ಲಿ ಏದುಸಿರು ಬಿಡುತ್ತಿದ್ದ ಕಾಲ ಅದು. ಬೇರೆ ಭಾಷೆಯ ಚಿತ್ರಗಳಿಗೆ ಕನ್ನಡದ ದನಿ ಅಂಟಿಸಿ ತಂದರೆ ನಮ್ಮ ಕಲಾವಿದ, ತಂತ್ರಜ್ಞರು ಉಪವಾಸ ಬೀಳುತ್ತಾರೆಂದು ಅನಕೃ, ಮ. ರಾಮಮೂರ್ತಿ ಮೊದಲಾದವರು ಹೋರಾಡಿದರು. ರಾಜ್‌ಕುಮಾರ್ ಜೊತೆಗೆ ನಿಂತರು. ಅಂದು ಅದು ಬೇಕಾಗಿತ್ತು. ಅದರಿಂದ ಕನ್ನಡ ಚಿತ್ರರಂಗ ಕಾಲೂರಿ ನಿಂತಿತು. ಆದರೆ ಸಿನಿಮಾಕ್ಕೆ ಕಟ್ಟಿದ ಬೇಲಿ ಅರ್ಧ ಶತಮಾನದ ನಂತರ ಒಂದು ಮಾತುಕತೆಗೂ ಅಡ್ಡವಾಯಿತು.

ಹಾಗಾದರೆ ನಷ್ಟವೇನು, ನಿಮ್ಮಂಥವರು ಬಿಡಿಸಿ ಹೇಳಿದಿರಲ್ಲ ಎಂದು ಕೇಳಬಹುದು. ಇಲ್ಲೇ ನಮ್ಮ ತಪ್ಪೊಪ್ಪಿಗೆ ಇದೆ.

ಮೇ 13ರ ಎರಡನೆಯ ಸಂಚಿಕೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ. ಮೈಯ ಯಾವ ಭಾಗವನ್ನು ಯಾರೂ ಮುಟ್ಟಕೂಡದು, ಮುಟ್ಟಿದರೆ ಏನು ಮಾಡಬೇಕೆಂದು ಆಮಿರ್ ಮಕ್ಕಳನ್ನೇ ಕೂರಿಸಿಕೊಂಡು ಹೇಳಿಕೊಟ್ಟರು. ದೊಡ್ಡವ್ವ ಎಂದಿನಂತೆ ಕೇಳಿದಳು: "ಏನಂತಾನ ತಮ್ಮಾ?" ಪಡಸಾಲೆಯಲ್ಲಿ ಹೆಂಗಸರಿದ್ದರು, ಹೆಣ್ಣುಮಕ್ಕಳಿದ್ದರು, ನಮ್ಮ ತಾಯಿಯಿದ್ದರು. ನಾಲಿಗೆ ಏಳಲಿಲ್ಲ. "ಮಕ್ಕಳ ಆರೋಗ್ಯದ್ದು, ದೊಡ್ಡವ್ವಾ" ಎಂದುಬಿಟ್ಟೆವು. ಆಕೆಯ ತೊಡೆಯ ಮೇಲೆ ಏಳು ವರ್ಷದ ಮೊಮ್ಮಗಳು ಕೂತಿದ್ದಳು.

ಮಕ್ಕಳ ರಕ್ಷಣೆಯ ಪೋಕ್ಸೊ ಮಸೂದೆಯನ್ನು ರಾಜ್ಯಸಭೆ ಆ ಸಂಚಿಕೆಗೆ ಮೂರು ದಿನ ಮೊದಲೇ ಒಪ್ಪಿತ್ತು. ಒಂಬತ್ತು ದಿನಗಳ ನಂತರ ಲೋಕಸಭೆ ಒಪ್ಪಿತು. ನವೆಂಬರ್ 14ರಂದು ಕಾನೂನು ಜಾರಿಗೆ ಬಂತು. ಕಾನೂನು ದಿಲ್ಲಿಯಿಂದ ನವಲಿಯವರೆಗೂ ಬಂತು. ಅದರ ಅರ್ಥ ಮಾತ್ರ ನಮ್ಮ ಪಡಸಾಲೆಯಲ್ಲಿ, ನಮ್ಮ ನಾಚಿಕೆಯಲ್ಲಿ ಸಿಕ್ಕಿಕೊಂಡಿತು. ಕನ್ನಡದ ದನಿಯೊಂದು ಟಿವಿಯೊಳಗಿಂದಲೇ ನೇರವಾಗಿ ಹೇಳಿದ್ದರೆ ಆ ದನಿಗೆ ನಮ್ಮ ಹಂಗಾಗಲಿ ನಾಚಿಕೆಯಾಗಲಿ ಇರುತ್ತಿರಲಿಲ್ಲ.

ಆಗ ನೆನಪಾದದ್ದು ನಮ್ಮ ಅಜ್ಜ. 1948ರವರೆಗೆ ಈ ಸೀಮೆ ನಿಜಾಮರದು, ಸರಕಾರದ ಭಾಷೆ ಉರ್ದು. ಅಜ್ಜ ಊರವರ ಅರ್ಜಿಗಳನ್ನು ಬರೆದುಕೊಡುತ್ತಿದ್ದರು. ರೈತ ಕನ್ನಡದಲ್ಲಿ ಉರಿದುರಿದು ಹೇಳಿದ್ದನ್ನು ತಾವು ಉರ್ದುವಿನಲ್ಲಿ ತಣ್ಣಗೆ ಮಾಡಿ ಬರೆಯುತ್ತಿದ್ದುದಾಗಿ ಅವರೇ ಹೇಳುತ್ತಿದ್ದರು. ತಹಸೀಲ್ದಾರರಿಗೆ ಸಿಟ್ಟು ಬರಬಾರದಲ್ಲ! ಅಜ್ಜನದು ಒಳ್ಳೆಯ ಮನಸ್ಸೇ. ನಮ್ಮದೂ ಕೆಟ್ಟದ್ದಾಗಿರಲಿಲ್ಲ. ಆದರೂ ನಡುವೆ ನಿಂತವನ ಕೈಯಲ್ಲಿ ಮಾತು ಸೋರುತ್ತದೆ. ಅಂದು ಆಳುವವರ ಭಾಷೆ ಗೋಡೆಯಾಗಿತ್ತು. 2012ರಲ್ಲಿ ನಮ್ಮ ಭಾಷೆಯ ಮೇಲಿನ ಪ್ರೀತಿಯನ್ನೇ ನಾವು ಗೋಡೆ ಮಾಡಿಕೊಂಡಿದ್ದೆವು.

ಗೋಡೆ ಆಮೇಲೆ ಬಿತ್ತು. ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ, ಡಬ್ಬಿಂಗ್ ತಡೆದದ್ದು ತಪ್ಪೆಂದು ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. 2017ರ ಮಾರ್ಚ್‌ನಲ್ಲಿ ಅಜಿತರ ತಮಿಳು ಚಿತ್ರ 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಲ್ಲಿ ಕನ್ನಡ ಮಾತಾಡಿತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಧಾರಾವಾಹಿಯನ್ನು ನಮ್ಮೂರಿನವರು ಕನ್ನಡದಲ್ಲೇ ನೋಡಿದರು. ಕನ್ನಡಕ್ಕೆ ಏನೂ ಆಗಲಿಲ್ಲ. ದೊಡ್ಡವ್ವನ ಮಗಳ ಮದುವೆ ಅಷ್ಟರಲ್ಲಿ ಸಾಲದಲ್ಲೇ ಮುಗಿದುಹೋಗಿತ್ತು.

ಸತ್ಯಜಿತ್ ಭಟ್ಕಳ್ ಎಲ್ಲಿಗೆ ಹೋದರು? 2014ರಲ್ಲಿ ಕಾರ್ಯಕ್ರಮದ ಎರಡು ಮತ್ತು ಮೂರನೆಯ ಸರಣಿಗಳು ಬಂದವು. ನವೆಂಬರ್‌ನಲ್ಲಿ ಅದು ನಿಂತಿತು. ಅವರು ಮತ್ತೊಂದು ಷೋ ಹುಡುಕಲಿಲ್ಲ. 2016ರಲ್ಲಿ ಆಮಿರ್ ಖಾನ್, ಕಿರಣ್ ರಾವ್ ಜೊತೆ ಸೇರಿ ಕಟ್ಟಿದ ಪಾನಿ ಫೌಂಡೇಶನ್ನಿನ ಹೊಣೆ ಹೊತ್ತರು. ಮಹಾರಾಷ್ಟ್ರದ ಬರಪೀಡಿತ ಹಳ್ಳಿಗಳ ನಡುವೆ ಮಳೆನೀರು ಇಂಗಿಸುವ ಪೈಪೋಟಿ ಏರ್ಪಡಿಸಿದರು. ಮೊದಲ ವರ್ಷ 3 ತಾಲ್ಲೂಕು, ಮರುವರ್ಷ 30, ಮೂರನೆಯ ವರ್ಷ 75. ಹಳ್ಳಿಯವರಿಗೆ ಅವರ ಮರಾಠಿಯಲ್ಲೇ ತರಬೇತಿ ಕೊಟ್ಟು, ಒಡ್ಡು ಹಾಕುವ ಕೆಲಸವನ್ನು ಅವರ ಶ್ರಮದಾನಕ್ಕೇ ಬಿಟ್ಟರು. ಕೋರ್ಟು, ಸಿನಿಮಾ, ಟಿವಿ, ಹಳ್ಳಿ ಎಂದು ಬೇರೆಬೇರೆಯಾಗಿ ಕಾಣುವ ಈ ದಾರಿ ನಮಗಂತೂ ಒಂದೇ ಅನ್ನಿಸುತ್ತದೆ. ಮಾತಿಗೂ ಜನರಿಗೂ ನಡುವೆ ನಿಂತವರನ್ನು ಅವರು ಒಬ್ಬೊಬ್ಬರನ್ನಾಗಿ ಸರಿಸುತ್ತ ಹೋದರು. ಕೊನೆಗೆ ತಾವೂ ಸರಿದು ನಿಂತರು.

ನೀರಿನ ಮಾತು ನವಲಿಗೆ ಹೊಸದಲ್ಲ. 133 ಟಿಎಂಸಿ ಹಿಡಿಯಬೇಕಾದ ತುಂಗಭದ್ರಾ ಜಲಾಶಯ ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಪೋಲಾಗುವ ನೀರನ್ನು ಹಿಡಿಯಲು ನವಲಿಯ ಬಳಿ ಸಮಾನಾಂತರ ಜಲಾಶಯ ಕಟ್ಟಬೇಕೆಂಬ ಪ್ರಸ್ತಾಪ ವರ್ಷಗಳಿಂದ ಇದೆ. ಗಂಗಾವತಿ ತಾಲ್ಲೂಕು ಹೋಗಿ ಕನಕಗಿರಿ ತಾಲ್ಲೂಕು ಬಂದರೂ ಕಟ್ಟೆಯ ಮೇಲಿನ ಮಾತು ಅದೇ. ಅದು ಆಗಲಿ, ಬಿಡಲಿ. ಆಗುವುದಾದರೆ ಹೊಲ ಕಳೆದುಕೊಳ್ಳುವವನ ಮುಂದೆ ಯಾರಾದರೂ ಕೂತು, ಅವನ ಮಾತಿನಲ್ಲೇ ಹೇಳಿ, ಅವನ ಮಾತನ್ನು ಮುಗಿಯುವವರೆಗೆ ಕೇಳಬೇಕು. ನಡುವೆ ನಮ್ಮಂಥ ದುಭಾಷಿಗಳು ಬೇಡ.

ದೊಡ್ಡವ್ವನ ಆ ಮೊಮ್ಮಗಳು ಈಗ ಕಾಲೇಜು ಮುಗಿಸುವ ವಯಸ್ಸಿನವಳು. ಎದುರು ಸಿಕ್ಕಾಗ "ಕಾಕಾ, ಆರಾಮದೀರಿ?" ಎಂದು ಕೇಳುತ್ತಾಳೆ. ಆರಾಮ ಇದ್ದೇವೆ ಅನ್ನುತ್ತೇವೆ. ಆ ಭಾನುವಾರ ಅವಳಿಗೆ ಹೇಳದೆ ಉಳಿಸಿದ ಮಾತಿನ ಲೆಕ್ಕ ನಮ್ಮ ಬಳಿಯೇ ಉಳಿದಿದೆ.