ಕಾಗದ ಸರಿ ಬಂದರೆ ಸಾಕೆ?

ಘಟಪ್ರಭಾ ನದಿಗೆ ಹಿಡಕಲ್ ಬಳಿ ಕಟ್ಟಿದ ರಾಜಾ ಲಖಮಗೌಡ ಅಣೆಕಟ್ಟು ಮುಗಿದದ್ದು 1977ರಲ್ಲಿ. 51 ಟಿಎಂಸಿ ನೀರು ಹಿಡಿಯುವ ಈ ಜಲಾಶಯ ಬರಿದಾಗುವ ಬೇಸಿಗೆಗಳಲ್ಲಿ ಹುನ್ನೂರಿನ ವಿಠ್ಠಲ ಗುಡಿ ನೀರಿನಿಂದ ಮೇಲೇಳುತ್ತದೆ, ಜನ ನೋಡಲು ಹೋಗುತ್ತಾರೆ. ಗುಡಿ ಕಂಡೀತು, ಮುಳುಗಿದ ಹೊಲ ಯಾರದಿತ್ತು, ಬದು ಎಲ್ಲಿ ಹಾದಿತ್ತು, ಮನೆಗೆ ಎಷ್ಟು ಪರಿಹಾರ ಬರೆದರು ಎಂಬುದು ಕಾಣುವುದಿಲ್ಲ. ಅದೆಲ್ಲ ಉಳಿದಿರುವುದು ಹಳೆಯ ಉತಾರ (ಪಹಣಿ), 1894ರ ಭೂಸ್ವಾಧೀನ ಕಾಯ್ದೆಯಂತೆ ಬಂದ ನೋಟೀಸು, ಐತೀರ್ಪಿನ ನಕಲು, ಕೊಟ್ಟು ಕೊಟ್ಟು ಸವೆದ ಅರ್ಜಿಗಳಲ್ಲಿ. ನೆಲ ಹೋದಮೇಲೆ ನೆಲದ ಬದಲಿಗೆ ನಿಲ್ಲುವುದು ಕಾಗದವೇ. ಹಾಗಾಗಿ ಹುಕ್ಕೇರಿ, ಗೋಕಾಕ, ಮೂಡಲಗಿ ಸೀಮೆಯ ಮನೆಗಳಲ್ಲಿ ಕಾಗದಪತ್ರವನ್ನು ಟ್ರಂಕಿನಲ್ಲಿ ಜೋಪಾನವಾಗಿಡುವ ರೂಢಿ ಗಟ್ಟಿಯಾಗಿದೆ. ಈ ರೂಢಿ ಒಳ್ಳೆಯದೇ. ಆದರೆ ಮನೆಗೆ ಕಂಪ್ಯೂಟರು, ಪ್ರಿಂಟರು ಬಂದಮೇಲೆ ಇದೇ ರೂಢಿ ನಮ್ಮನ್ನು ಒಂದು ತಪ್ಪು ದಾರಿಗೂ ಎಳೆದಿದೆ. ಕಾಗದದ ಮೇಲೆ ಅಕ್ಷರ ಸರಿಯಾಗಿ ಮೂಡಿತೇ ಎಂದಷ್ಟೇ ನೋಡುತ್ತೇವೆ, ಯಂತ್ರದೊಳಗೆ ಏನು ಉಳಿಯಿತು ಎಂದು ನೋಡುವುದಿಲ್ಲ. ಹಳೆಯ ಅರ್ಜಿಯ ಕಡತವನ್ನು ಹೊಸ ಲ್ಯಾಪ್‌ಟಾಪಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ಸೊಟ್ಟ ಚಿಹ್ನೆಗಳ ರಾಶಿ ಕಾಣುವುದಕ್ಕೆ ವೈರಸ್ಸಾಗಲಿ ಕೆಟ್ಟ ಯಂತ್ರವಾಗಲಿ ಕಾರಣವಲ್ಲ. ಅದರ ಹಿಂದೆ ಒಂದು ಇತಿಹಾಸವಿದೆ.

ಓದಲಾಗದ ದಾಖಲೆ ಈ ಭಾಗಕ್ಕೆ ಹೊಸದೇನಲ್ಲ. ಪೇಶ್ವೆಯರ ಆಳಿಕೆ ಮುಗಿದು ಬೆಳಗಾವಿ ಸೀಮೆ ಮುಂಬೈ ಪ್ರಾಂತದೊಳಗೆ ಸೇರಿದ ಮೇಲೂ ಮೋಡಿ ಲಿಪಿಯ ಬರವಣಿಗೆ ಒಮ್ಮೆಗೇ ನಿಲ್ಲಲಿಲ್ಲ. ಲೇಖನಿ ಎತ್ತದೆ ಓಡಿಸಿ ಬರೆಯುವ ಆ ಲಿಪಿ ಕುಲಕರ್ಣಿಯ ಕೈಗೆ ಚೆನ್ನಾಗಿ ಒಗ್ಗಿತ್ತು. 1950ರ ಕಾಯ್ದೆಯಿಂದ ಮುಂಬೈ ಪ್ರಾಂತದಲ್ಲಿ ಕುಲಕರ್ಣಿ ವತನ ರದ್ದಾಯಿತು, ದಫ್ತರ ಸಂಬಳದ ತಲಾಟಿಯ ಕೈಗೆ ಬಂತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಇಷ್ಟಾಗುವಷ್ಟರಲ್ಲಿ ಮೋಡಿ ಓದುವವರೇ ಕಡಿಮೆಯಾಗಿದ್ದರು. ಆ ಕಾಗದಗಳಲ್ಲಿ ಅನೇಕವು ಇಂದಿಗೂ ಗಟ್ಟಿಯಾಗಿವೆ, ಮಸಿಯೂ ಮಾಸಿಲ್ಲ. ಹರಿದುಹೋದದ್ದು ಬರೆದವನಿಗೂ ಓದುವವನಿಗೂ ನಡುವೆ ಇದ್ದ ಒಪ್ಪಂದ, ಈ ಗೆರೆ ಇಂಥ ಅಕ್ಷರ ಎಂಬ ತಿಳಿವಳಿಕೆ. ಮೊಮ್ಮಗ ತನ್ನದೇ ಹೊಲದ ಪತ್ರ ಹಿಡಿದು ಮೋಡಿ ಬಲ್ಲವರನ್ನು ಹುಡುಕಬೇಕಾಯಿತು.

ನಡುವೆ ಬಂದ ಟೈಪ್‌ರೈಟರು ಇಂಥ ತೊಡಕು ತರಲಿಲ್ಲ. ಕನ್ನಡದ ಒತ್ತು, ಕೊಂಬು, ದೀರ್ಘಗಳನ್ನು ಎಣಿಕೆಯ ಕೀಲಿಗಳಲ್ಲಿ ಕೂರಿಸುವುದು ಸುಲಭದ ಕೆಲಸವಲ್ಲ; ಅನಂತಸುಬ್ಬರಾಯರ ಕೀಲಿಮಣೆ ಅದನ್ನು ಸಾಧಿಸಿತು. ಅಕ್ಷರದ ಒಡಲಿಗೆ ಒಂದು ಕೀಲಿ, ಒತ್ತಿಗೆ ಇನ್ನೊಂದು. ಕೀಲಿ ಒಳಗೆ ಹೇಗೇ ಇರಲಿ, ಹೊರಬರುತ್ತಿದ್ದದ್ದು ಕಾಗದ; ಅದರಡಿ ಕಾರ್ಬನ್ ಪ್ರತಿ. ಯಂತ್ರ ಬೇರೆ ಏನನ್ನೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ತಾಲ್ಲೂಕು ಕಚೇರಿಯ ಎದುರಿನ ಟೈಪಿಂಗ್ ಅಂಗಡಿಯ ಮುಂದೆ ಅರ್ಜಿಗಾಗಿ ಕಾದವನಿಗೆ ಕಾಗದ ಸರಿ ಬಂದರೆ ಕೆಲಸ ಮುಗಿಯಿತು. ಕಂಪ್ಯೂಟರು ಬಂದಾಗ ಅಂಗಡಿಯ ಬೋರ್ಡು ಡಿಟಿಪಿ ಸೆಂಟರ್ ಎಂದು ಬದಲಾಯಿತು, ಅಳತೆಗೋಲು ಬದಲಾಗಲಿಲ್ಲ.

1990ರ ದಶಕದ ಕನ್ನಡ ತಂತ್ರಾಂಶಗಳು ಇದೇ ಅಳತೆಗೋಲಿಗೆ ತಕ್ಕಂತೆ ತಯಾರಾದವು. ಶ್ರೀಲಿಪಿ, ಆಕೃತಿ, ಪ್ರಕಾಶಕ್, 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿ ಸರ್ಕಾರ ಉಚಿತವಾಗಿ ಹಂಚಿದ ನುಡಿ. ಆಗಿನ ಯಂತ್ರಕ್ಕೆ ಕನ್ನಡ ಗೊತ್ತಿರಲಿಲ್ಲ. ಫಾಂಟ್ ಮಾಡುವವರು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದರು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಒಳಗೆ ಏನಾಗುತ್ತದೆ ನೋಡಿ. ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಯಲ್ಲಿ ನೀವು ಒತ್ತುವುದು ಐದು ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. ಕಡತದಲ್ಲಿ ಕೂರುವುದು ಏಳು ಚಿಹ್ನೆ. ‘ಕ’ದ ಒಡಲು ಇಂಗ್ಲಿಷಿನ ದೊಡ್ಡ ‘ಪಿ’ಯ ಮನೆಯಲ್ಲಿದೆ, ಅದರ ತಲೆಕಟ್ಟು ಫ್ರೆಂಚರ ಒತ್ತುಳ್ಳ ‘ಎ’ಯ ಮನೆಯಲ್ಲಿ. ‘ನ’ದ ಒಡಲು ಬ್ರಿಟಿಷ್ ಪೌಂಡ್ ಗುರುತಿನ ಮನೆಯಲ್ಲಿ, ಅದರ ಒತ್ತು ಜರ್ಮನರ ಒಂದು ಅಕ್ಷರದ ಮನೆಯಲ್ಲಿ. ‘ಕಿ’ ಬರೆದರೆ ಅದು ‘ಕ’ಕ್ಕೆ ಗುಣಿತ ಹಚ್ಚಿದ್ದಲ್ಲ, ಪೂರಾ ಬೇರೆ ಚಿಹ್ನೆ, ದೊಡ್ಡ ‘ಕ್ಯೂ’. ಫಾಂಟ್ ಇರುವ ತನಕ ಪರದೆಯ ಮೇಲೆ ಕನ್ನಡ. ಫಾಂಟ್ ಇಲ್ಲದ ಯಂತ್ರದಲ್ಲಿ ಒಳಗಿದ್ದದ್ದು ಇದ್ದ ಹಾಗೆ ಬಯಲಾಗುತ್ತದೆ. ಕಡತ ಕೆಟ್ಟಿಲ್ಲ. ಅದರಲ್ಲಿ ಕನ್ನಡ ಎಂದೂ ಇರಲೇ ಇಲ್ಲ, ಕನ್ನಡದ ಚಿತ್ರ ಬಿಡಿಸುವ ಸೂಚನೆ ಇತ್ತು, ಅಷ್ಟೆ.

ಇದರ ಮೇಲೆ ಒಂದೊಂದು ಕಂಪನಿಯ ಮನೆ ಹಂಚಿಕೆ ಒಂದೊಂದು ಬಗೆ. ಶ್ರೀಲಿಪಿಯಲ್ಲಿ ಹಾಕಿದ್ದನ್ನು ನುಡಿ ಫಾಂಟಿಗೆ ಬದಲಿಸಿದರೆ ಓದಲು ಬಾರದ ಕಲಸು. ಹುಕ್ಕೇರಿಯಲ್ಲಿ 1969ರಿಂದಲೂ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕರೆಂಟು ಕೊಡುತ್ತಿದೆ. ಅದರ ತಂತಿಯಲ್ಲಿ ಹರಿಯುವುದು ದೇಶವೆಲ್ಲ ಒಪ್ಪಿದ 230 ವೋಲ್ಟ್, ಆದ್ದರಿಂದ ಯಾವ ಅಂಗಡಿಯ ಬಲ್ಬು ತಂದರೂ ಯಾವ ಮನೆಯಲ್ಲೂ ಉರಿಯುತ್ತದೆ. ಕನ್ನಡದ ಫಾಂಟುಗಳಲ್ಲಿ ಅಂಗಡಿಗೊಂದು ವೋಲ್ಟೇಜು. ಒಪ್ಪಿತ ಸಂಕೇತ ಹುಡುಕುವ ಯತ್ನ ಆಗ ಇರಲಿಲ್ಲವೆಂದಲ್ಲ. ಭಾರತೀಯ ಲಿಪಿಗಳ ಇಸ್ಕಿ ಸಂಕೇತ 1991ರಲ್ಲಿ ಭಾರತೀಯ ಮಾನಕವಾಯಿತು. ಅದೇ ವರ್ಷ ಬಂದ, ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಪಟ್ಟಿಯಾದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಪಂಕ್ತಿ ಇತ್ತು. ಅಲ್ಲಿ ‘ಕನ್ನಡ’ ಎಂದರೆ ಐದೇ ಸಂಕೇತ: ಕ, ನ, ವಿರಾಮ, ನ, ಡ. ಬೆರಳು ಒತ್ತಿದ್ದೂ ಐದು, ಯಂತ್ರ ನೆನಪಿಟ್ಟದ್ದೂ ಐದು. ಒತ್ತು ಹೇಗೆ ಕಾಣಬೇಕು ಎಂಬುದು ಫಾಂಟಿನ ಪಾಡು.

ಹಾಗಿದ್ದರೆ ಮೂರು ದಶಕ ಕಳೆದರೂ ಅಂಗಡಿಗಳಲ್ಲಿ ಹಳೆಯ ಫಾಂಟೇ ಏಕೆ ಉಳಿಯಿತು? ಜನರ ಸೋಮಾರಿತನ ಎಂದು ತೀರ್ಪು ಕೊಡುವುದು ಅನ್ಯಾಯ. ವಿಂಡೋಸ್‌ಗೆ ಯುನಿಕೋಡ್ ಕನ್ನಡ ಬಂದದ್ದು 2001ರ ಎಕ್ಸ್‌ಪಿಯೊಂದಿಗೆ, ತುಂಗಾ ಫಾಂಟಿನ ಜೊತೆ. ಅದೂ ತಾನಾಗಿ ಬರುತ್ತಿರಲಿಲ್ಲ. ಸೆಟ್ಟಿಂಗಿನಲ್ಲಿ ಗುರುತು ಹಾಕಿ ಸಿ.ಡಿ. ಕೊಟ್ಟರಷ್ಟೇ. ಲಗ್ನಪತ್ರಿಕೆ, ಹ್ಯಾಂಡ್‌ಬಿಲ್, ಜಾತ್ರೆಯ ಪೋಸ್ಟರು ಹಾಕುವ ಡಿಟಿಪಿಯವರ ಕೈಯಲ್ಲಿದ್ದದ್ದು ಪೇಜ್‌ಮೇಕರ್. ಅದಕ್ಕೆ ಯುನಿಕೋಡ್ ಕನ್ನಡ ಕೊನೆಯವರೆಗೂ ಬರಲಿಲ್ಲ. ಹೊಟ್ಟೆಪಾಡಿನ ತಂತ್ರಾಂಶ ಹಳೆಯ ಫಾಂಟನ್ನೇ ಕೇಳುವಾಗ ಅಂಗಡಿಯವನು ಬೇರೇನು ಮಾಡಿಯಾನು? ಇನ್ನು ಗಿರಾಕಿಗಂತೂ ಬೇಕಿದ್ದದ್ದು ಕಾಗದ. ಭೂಮಿ ಯೋಜನೆ ಬಂದಾಗಲೂ ಊರಿನ ಕಣ್ಣು ಕಾಗದದ ಮೇಲೆಯೇ. 2000ದ ಸುಮಾರಿಗೆ ರಾಜ್ಯದ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ಕೈಬರಹದ ಉತಾರ ಇನ್ನು ನಡೆಯದು ಎಂದು ಸಾರಿದರು. ಅದರ ನಿಜವಾದ ಬದಲಾವಣೆ ಪ್ರಿಂಟರಿನದಲ್ಲ. ತಲಾಟಿಯ ದಫ್ತರದಲ್ಲಿದ್ದ ಮೂಲ ದಾಖಲೆಯ ಜಾಗ ಕಂಪ್ಯೂಟರಿನ ದತ್ತಾಂಶಕ್ಕೆ ಹೋಯಿತು, ಕಾಗದ ಅದರ ನೆರಳಾಯಿತು. ಆದರೆ ಹದಿನೈದು ರೂಪಾಯಿ ಕೊಟ್ಟು ಉತಾರ ಹಿಡಿದುಕೊಂಡು ಬಂದವರ ಲೆಕ್ಕದಲ್ಲಿ ಅದು ಅಚ್ಚುಕಟ್ಟಾದ ಹೊಸ ಕಾಗದ ಮಾತ್ರ.

‘ನುಡಿ ಚೆನ್ನಾಗಿಯೇ ನಡೆಯುತ್ತಿದೆ, ಕೈಗೂ ರೂಢಿಯಾಗಿದೆ, ಏಕೆ ಬಿಡಬೇಕು’ ಎಂದು ಕೇಳುವವರುಂಟು. ಬಿಡಬೇಕಾಗಿಯೇ ಇಲ್ಲ. ಕೀಲಿಮಣೆ ಬೇರೆ, ಫಾಂಟ್ ಬೇರೆ. ಎರಡನ್ನೂ ನುಡಿ ಎಂಬ ಒಂದೇ ಹೆಸರಿನಲ್ಲಿ ಕರೆದು ನಾವೇ ಗೊಂದಲ ಮಾಡಿಕೊಂಡಿದ್ದೇವೆ. ಅದೇ ಐದು ಕೀಲಿ ಒತ್ತಿ ಯುನಿಕೋಡ್ ಬರೆಯುವ ಅನುಕೂಲ ನುಡಿಯ ಮುಂದಿನ ಆವೃತ್ತಿಗಳಲ್ಲೂ ಬರಹದಲ್ಲೂ ಇದೆ. ಬೆರಳಿಗೆ ಹೊಸ ಪಾಠವಿಲ್ಲ, ಬದಲಿಸಬೇಕಾದದ್ದು ಒಂದು ಆಯ್ಕೆ. ನಿಮ್ಮ ಕಡತ ಯಾವ ಜಾತಿಯದು ಎಂದು ತಿಳಿಯಲು ಸಣ್ಣ ಪರೀಕ್ಷೆಯೂ ಇದೆ: ಒಂದು ಸಾಲನ್ನು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿ. ಕನ್ನಡವಾಗಿಯೇ ಬಿದ್ದರೆ ಯುನಿಕೋಡ್, ಪೌಂಡ್ ಗುರುತು ಬಿದ್ದರೆ ಹಳೆಯ ಫಾಂಟು.

‘ಪಿಡಿಎಫ್ ಮಾಡಿಟ್ಟರೆ ಆಯಿತಲ್ಲ’ ಎಂಬ ಮಾತು ಇದಕ್ಕಿಂತ ಗಟ್ಟಿಯದು. ಪಿಡಿಎಫ್ ಫಾಂಟನ್ನೂ ತನ್ನ ಹೊಟ್ಟೆಯಲ್ಲಿ ಹೊತ್ತೊಯ್ಯಬಲ್ಲದು, ಆದ್ದರಿಂದ ಬೇರೆ ಯಂತ್ರದಲ್ಲೂ ಬೇರೆ ಪ್ರಿಂಟರಿನಲ್ಲೂ ಹಾಗೆಯೇ ಮೂಡುತ್ತದೆ. ಝೆರಾಕ್ಸ್ ಅಂಗಡಿಗೆ ಪ್ರಿಂಟಿಗೆ ಒಯ್ಯುವಾಗ ವರ್ಡ್ ಕಡತ ಬಿಟ್ಟು ಪಿಡಿಎಫ್ ಒಯ್ಯಬೇಕೆಂಬುದು ನಿಜವೇ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಬೇಕು. ಫೋಟೋ ಆದರೆ ಕುಗ್ಗಿ ಮಸುಕಾಗುತ್ತದೆ. ಲೀಗಲ್ ಅಳತೆಯಲ್ಲಿ ಹಾಕಿದ್ದನ್ನು ಎ-4 ಹಾಳೆಗೆ ತೆಗೆದರೆ ಒಂದೋ ತಳದ ಸಹಿಯ ಜಾಗ ಕತ್ತರಿಸಿ ಹೋಗುತ್ತದೆ, ಇಲ್ಲವೇ ಪುಟವೇ ಕುಗ್ಗುತ್ತದೆ. ಹಾಳೆಯ ಅಳತೆಯನ್ನು ಬರೆಯುವ ಮೊದಲೇ ಗೊತ್ತುಮಾಡಿಕೊಳ್ಳಬೇಕು, ಪ್ರಿಂಟ್ ಒತ್ತುವಾಗಲ್ಲ. ಇಷ್ಟೆಲ್ಲ ಸರಿ. ಆದರೂ ಪಿಡಿಎಫ್ ಎಂಬುದು ಟೈಪ್‌ರೈಟರಿನ ಕಾಗದವೇ, ಪರದೆಗೆ ಬಂದ ರೂಪದಲ್ಲಿ. ಹಳೆಯ ಫಾಂಟಿನಿಂದ ಮಾಡಿದ ಪಿಡಿಎಫ್‌ನಲ್ಲಿ ಸರ್ವೆ ನಂಬರಿನ ಪಕ್ಕದ ಹೆಸರನ್ನು ಹುಡುಕಿದರೆ ಸಿಗುವುದಿಲ್ಲ, ನಕಲು ತೆಗೆದರೆ ಕಲಸು ಬರುತ್ತದೆ. ವಾಟ್ನಿ (ಪಾಲು) ಪತ್ರದಲ್ಲಿ ಒಂದು ಹೆಸರು ತಿದ್ದಬೇಕಾದರೆ ಮತ್ತೆ ಮೊದಲಿಂದ ಟೈಪ್ ಮಾಡಿಸಬೇಕು, ಮತ್ತೆ ದುಡ್ಡು. ಅಂಗಡಿಯಲ್ಲಿ ಅರ್ಜಿ ಬರೆಸುವವರು ಕಾಗದದ ಜೊತೆಗೆ ತಿದ್ದಬರುವ ಯುನಿಕೋಡ್ ಕಡತವನ್ನೂ ಪೆನ್‌ಡ್ರೈವಿಗೆ ಕೇಳಿ ಪಡೆಯಬೇಕು. ದುಡ್ಡು ಕೊಟ್ಟದ್ದು ಅದಕ್ಕೂ ಸೇರಿಯೇ.

ಕಂಪ್ಯೂಟರು ಕೆಡುತ್ತದೆ, ಕೊನೆಗೆ ಉಳಿಯುವುದು ಕಾಗದವೇ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ಸಹಿ, ಸಿಕ್ಕೆ ಬಿದ್ದ ಮೂಲಪತ್ರದ ಜಾಗದಲ್ಲಿ ಕಡತ ನಿಲ್ಲದು. ಆದರೆ ಎಲ್ಲ ಕಾಗದವೂ ಒಂದೇ ಅಲ್ಲ. ಮನೆಯ ಇಂಕ್‌ಜೆಟ್‌ನ ಬಣ್ಣದ ಶಾಯಿ ಬಹಳ ಸಲ ನೀರು ತಾಗಿದರೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ; ಲೇಸರ್ ಪ್ರಿಂಟರಿನ ಪುಡಿ ಶಾಖಕ್ಕೆ ಕರಗಿ ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಬಹುಕಾಲ ಇಡುವ ಪ್ರತಿಯನ್ನು ಲೇಸರ್‌ನಲ್ಲೇ ತೆಗೆಸಬೇಕು. ಇನ್ನು ಕಾಗದದ ಮೇಲಿನ ಕುರುಡು ನಂಬಿಕೆಗೆ ಪೆಟ್ಟು ಕೊಟ್ಟವನು ಇದೇ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ. ಅವನ ನಕಲಿ ಛಾಪಾ ಕಾಗದದ ಹಗರಣದ ನಂತರ ಕರ್ನಾಟಕದಲ್ಲಿ ಹಳೆಯ ಛಾಪಾ ಕಾಗದ ಹೋಗಿ ಇ-ಸ್ಟ್ಯಾಂಪ್ ಬಂತು. ಇ-ಸ್ಟ್ಯಾಂಪ್ ಹಾಳೆಯ ಬೆಲೆ ಹಾಳೆಯಲ್ಲಿಲ್ಲ, ಅದರ ಮೇಲಿನ ಸಂಖ್ಯೆಯಲ್ಲಿದೆ. ಆ ಸಂಖ್ಯೆಯನ್ನು ದತ್ತಾಂಶದೊಂದಿಗೆ ತಾಳೆ ನೋಡಿದಾಗಲೇ ಅದು ಅಸಲಿ. ಸರ್ಕಾರವೇ ನಂಬಿಕೆಯನ್ನು ಕಾಗದದಿಂದ ಕಡತಕ್ಕೆ ದಾಟಿಸಿರುವಾಗ ಮನೆಯ ಕಡತವನ್ನು ಮಾತ್ರ ಅಸಡ್ಡೆಯಿಂದ ನೋಡುವುದು ವಿಚಿತ್ರ.

ಹಳೆಯ ಕಡತಗಳನ್ನು ಕಳೆದುಕೊಂಡೆವು ಎಂದು ಕೈಚೆಲ್ಲುವ ಹಾಗಿಲ್ಲ. ಮೋಡಿ ಓದಲು ಬಲ್ಲ ಮನುಷ್ಯನೇ ಬೇಕು. ನುಡಿ ಫಾಂಟಿನ ಏಳು ಚಿಹ್ನೆಗಳನ್ನು ಯುನಿಕೋಡಿನ ಐದು ಸಂಕೇತಕ್ಕೆ ಇಳಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಏಕೆಂದರೆ ಆ ಮನೆ ಹಂಚಿಕೆ ಇನ್ನೂ ಗೊತ್ತಿದೆ. ಮೊದಲು ಮೂಲ ಕಡತದ ಒಂದು ಪ್ರತಿ ಬೇರೆಡೆ ತೆಗೆದಿಟ್ಟು, ಯಾವ ಫಾಂಟಿನಲ್ಲಿ ಇತ್ತೆಂದು ಕಡತದ ಹೆಸರಿನಲ್ಲೇ ಬರೆದು, ಆಮೇಲೆ ಪರಿವರ್ತಿಸಬೇಕು. ಬಂದದ್ದನ್ನು ಹಳೆಯ ಪ್ರಿಂಟಿನ ಪಕ್ಕ ಇಟ್ಟು ಸಾಲು ಸಾಲಾಗಿ ಓದಬೇಕು. ಯಂತ್ರ ಎಡವುವುದು ಹೆಚ್ಚಾಗಿ ಅರ್ಕಾವತ್ತಿನಲ್ಲಿ, ಎರಡೆರಡು ಒತ್ತು ಬಿದ್ದ ಕಡೆ, ನಡುವೆ ಬಂದ ಇಂಗ್ಲಿಷ್ ಪದ ಮತ್ತು ಅಂಕಿಗಳಲ್ಲಿ. ಕಥೆ, ಕವಿತೆಯಾದರೆ ಒಂದು ಒತ್ತು ತಪ್ಪಿದರೂ ಓದುಗ ಸರಿಪಡಿಸಿಕೊಂಡಾನು. ಸರ್ವೆ ನಂಬರು, ಎಕರೆ-ಗುಂಟೆ, ಅಡ್ಡಹೆಸರು ಇರುವ ಪತ್ರದಲ್ಲಿ ಆ ಸಲಿಗೆ ಇಲ್ಲ, ಆದ್ದರಿಂದ ಅಂಕಿಗಳನ್ನು ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಾಳೆ ನೋಡುವುದೇ ವಾಸಿ.